ಮೆತ್ತನೆ ಮೂತಿಯ ಗುಂಡು

ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳಕ್ಕೆ ಹಂದಿ ನುಗ್ಗಿತೆಂಬ ಸುದ್ದಿ ಬಂದರೆ ಸಾಕು, ಮಾತು ಕೋವಿಗೆ ಹೊರಳುತ್ತದೆ, ಕೋವಿಯಿಂದ ತೋಟಾಕ್ಕೆ. ಅಷ್ಟರಲ್ಲಿ ಯಾರಾದರೊಬ್ಬರು ‘ಸ್ಪೀಡ್ ಜಾಸ್ತಿ ಇರೋದೇ ಹಾಕ್ಬೇಕು ಕಣ್ರೀ’ ಅಂದೇ ಅನ್ನುತ್ತಾರೆ. ನನ್ನ ತಕರಾರು ಅಲ್ಲೇ.

ಅದಕ್ಕೂ ಮೊದಲು ಕಾನೂನು. 1972ರ ವನ್ಯಜೀವಿ ಕಾಯ್ದೆಯಡಿ ಇವತ್ತು ಶಿಕಾರಿ ಮುಗಿದ ಅಧ್ಯಾಯ. ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಮನೆಯಲ್ಲಿದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ; ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಜಗಳೂರಿನ ರಂಗಯ್ಯನದುರ್ಗವಂತೂ 2011ರಿಂದ ಕೊಂಡುಕುರಿಯ ಅಭಯಾರಣ್ಯ. ಅಲ್ಲಿ ಗುಂಡಿನ ಮಾತೇ ಬೇಡ.

ಇನ್ನು ವೇಗದ ವಿಚಾರ. ಚನ್ನಗಿರಿಯ ಪಕ್ಕದ ಹೊಳಲ್ಕೆರೆ, ಹೊಸದುರ್ಗದ ನರಭಕ್ಷಕನ ಕತೆ ಬರೆದ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಆಂಡರ್ಸನ್ ಹೊಸಬನಲ್ಲ. 1904ರಲ್ಲಿ ಬಂದ ಆ ತೋಟಾದ ಗುಂಡು 300 ಗ್ರೇನ್, ಅಂದರೆ 19 ಗ್ರಾಂಗೂ ಮಿಗಿಲು. ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಇವತ್ತು ಸೆಕೆಂಡಿಗೆ 900 ಮೀಟರ್ ಓಡುವ ತೋಟಾಗಳ ಮುಂದೆ ಇದು ಎತ್ತಿನಗಾಡಿ. ಆದರೂ ಅಮೆರಿಕದ ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಗಳಿಗೆ ಒಯ್ದದ್ದು ಇದನ್ನೇ.

ಗುಟ್ಟಿರುವುದು ಗುಂಡಿನ ಮೂತಿಯಲ್ಲಿ. ಸೀಸಕ್ಕೆ ತಾಮ್ರದ ಕವಚ ತೊಡಿಸಿ, ತುದಿಯಲ್ಲಿ ಮಾತ್ರ ಸೀಸವನ್ನು ತೆರೆದೇ ಬಿಡುತ್ತಾರೆ. ಮಾಂಸಕ್ಕೆ ತಾಗಿದೊಡನೆ ಆ ಮೂತಿ ಅಣಬೆಯ ಹಾಗೆ ಅರಳಬೇಕು. ಹಿಂದಿನ ತೂಕ ಅದನ್ನು ಒಳಗೊತ್ತಿಕೊಂಡು ಹೋಗಬೇಕು. 900 ಮೀಟರಿಗೆಂದು ಮಾಡಿದ ಗಟ್ಟಿ ಕವಚದ ಗುಂಡನ್ನು 600ರಲ್ಲಿ ಹಾರಿಸಿದರೆ ಅದು ಅರಳದೆ ಸೂಜಿ ಹೊಕ್ಕಂತೆ ಆಚೆ ಹೋಗುತ್ತದೆ. ತೆಳು ಕವಚದ ಹಗುರ ಗುಂಡು ಅತಿ ವೇಗದಲ್ಲಿ ಬಂದರೋ, ಗಂಡುಹಂದಿಯ ಭುಜದ ದಪ್ಪ ತೊಗಲಿನಲ್ಲೇ ಚೂರಾಗುತ್ತದೆ. ಎರಡರಲ್ಲೂ ಪ್ರಾಣಿ ಅಲ್ಲೇ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ.

ಈ ಮೆತ್ತನೆ ಮೂತಿಗೆ ಹೆಸರು ತಂದದ್ದು ನಮ್ಮದೇ ದೇಶದ ಕಾರ್ಖಾನೆ. ಕಲ್ಕತ್ತೆಯ ಬಳಿಯ ಡಂಡಂನಲ್ಲಿ 1890ರ ದಶಕದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬಾತ .303 ಗುಂಡಿನ ತುದಿಯ ಕವಚ ತೆಗೆದು ನೋಡಿದ. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅಂಥ ಗುಂಡು ಬೇಡವೆಂದಿತು. ಯುದ್ಧಕ್ಕೆ ಬೇಡವಾದದ್ದೇ ಬೇಟೆಯಲ್ಲಿ ಕರುಣೆಯದಾಯಿತು: ಅರಳದ ಗುಂಡು ತಿಂದ ಪ್ರಾಣಿ ದಿನಗಟ್ಟಲೆ ನರಳುತ್ತದೆ.

ನಮ್ಮಲ್ಲಿ ಲೈಸೆನ್ಸಿಗೆ ದಕ್ಕುವ ರೈಫಲ್ ಎಂದರೆ ಬಹುಮಟ್ಟಿಗೆ ಇಷಾಪುರದ .315. ಅದರ ತೋಟಾವನ್ನು ಅಂಗೈಯಲ್ಲಿಟ್ಟು ನೋಡಿ. ಹಿತ್ತಾಳೆ ಬುಡಕ್ಕೆ ಅಂಚು, ಬುಡದ ಮೇಲೆ ‘8 ಎಂಎಂ ಕೆಎಫ್’ ಎಂಬ ಮುದ್ರೆ. ಕೆಎಫ್ ಎಂದರೆ ಪುಣೆಯ ಕಿರ್ಕಿ ಕಾರ್ಖಾನೆ. ಗುಂಡು 244 ಗ್ರೇನ್, ಸುಮಾರು 16 ಗ್ರಾಂ. ವೇಗ 600ರಿಂದ 700 ಮೀಟರ್ ನಡುವೆ. ಉದ್ದ, ಭಾರ, ಆತುರವಿಲ್ಲದ ಗುಂಡು. ಇದನ್ನು ಹಳೇ ಕಾಲದ್ದೆಂದು ಮೂಗು ಮುರಿಯುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಹಂದಿ ತೂಕದ ಪ್ರಾಣಿಗೆ ಇದು ಧಾರಾಳ.

ಹನ್ನೆರಡು ಬೋರಿನ ಕೋವಿಯ ಎಲ್‌ಜಿ ತೋಟಾದ್ದು ಬೇರೆಯೇ ಕತೆ. ಒಳಗೆ 9 ಮಿಲಿಮೀಟರಿನ ಆರು ಉಂಡೆಗಳು. ಉಂಡೆಯಾದ್ದರಿಂದ ಗಾಳಿಯಲ್ಲಿ ಬೇಗ ಸೋಲುತ್ತವೆ, ಚೆದುರುತ್ತವೆ. 30 ಗಜ ದಾಟಿದ ಮೇಲೆ ಒಂದೆರಡು ಹೊಟ್ಟೆಗೆ ಬಿದ್ದು ಹಂದಿ ಅಡಿಕೆ ತೋಟದೊಳಗೆ ಹೊಕ್ಕರೆ, ಬೆಳಗ್ಗೆ ಅದಕ್ಕೆ ಎದುರಾಗುವುದು ನೀರು ಬಿಡಲು ಹೋದ ಆಳು.

ಅಪ್ಪಣೆ ಕೈಯಲ್ಲಿರುವವರು ಕೇಳಿದರೆ ಹೇಳುತ್ತೇನೆ: .315, ಮೆತ್ತನೆ ಮೂತಿ, 80 ಗಜದೊಳಗೆ, ಹಂದಿ ಅಡ್ಡ ನಿಂತಾಗ ಮುಂಗಾಲಿನ ಹಿಂಬದಿಗೆ. ಅಷ್ಟು ಒದಗದಿದ್ದರೆ ತಗಡು ಬಡಿದು ಓಡಿಸಿ.