ಬೆವರಿಜ್ ಅವರ ತಲೆಯ ಹುಳ

ತಲೆಗೆ ಹುಳ ಬಿಡುವುದು ಎಂಬ ಮಾತು ನಮ್ಮಲ್ಲಿದೆ. ಹದಿನೇಳನೆಯ ಶತಮಾನದ ಇಂಗ್ಲಿಷರಿಗೂ ಇಂಥದೇ ಕಲ್ಪನೆಯಿತ್ತು. ಥಟ್ಟನೆ ಹೊಳೆದ ಲಹರಿಗೆ ಅವರು ಅಂದದ್ದು 'ಮ್ಯಾಗಟ್', ಅಂದರೆ ಹುಳ. 'ಮಿಸ್ಟರ್ ಬೆವರಿಜಸ್ ಮ್ಯಾಗಟ್' ಎಂಬ ಕುಣಿತದ ಧಾಟಿಗೆ ಹೆಸರು ಬಂದದ್ದು ಹೀಗೆ.

ಇದು ಅಚ್ಚಾದದ್ದು 1695ರಲ್ಲಿ, ಲಂಡನ್ನಿನ 'ದಿ ಡ್ಯಾನ್ಸಿಂಗ್ ಮಾಸ್ಟರ್' ಪುಸ್ತಕದ ಒಂಬತ್ತನೆಯ ಆವೃತ್ತಿಯಲ್ಲಿ. ಜಾನ್ ಪ್ಲೇಫೋರ್ಡ್ 1651ರಲ್ಲಿ ಆರಂಭಿಸಿದ ಪುಸ್ತಕವನ್ನು ಆಗ ಮಗ ಹೆನ್ರಿ ಮುಂದುವರಿಸಿದ್ದ. ಒಂದೊಂದು ಕುಣಿತಕ್ಕೆ ಬರಿಯ ಧಾಟಿಯ ಸ್ವರಲಿಪಿ, ಅದರ ಕೆಳಗೆ ಯಾರು ಎತ್ತ ಸಾಗಬೇಕೆಂಬ ಕೆಲವು ಮಾತು. ಪಕ್ಕವಾದ್ಯದ ಸುಳಿವಿಲ್ಲ, ಹೆಜ್ಜೆಯ ವಿವರವಿಲ್ಲ.

ಅಷ್ಟು ಬಡ ದಾಖಲೆಯಲ್ಲೂ ಧಾಟಿ ಬದುಕಿ ಉಳಿದದ್ದಕ್ಕೆ ಕಾರಣ ಅದರ ಲಯ ಎಂದು ನನ್ನ ನಂಬಿಕೆ. ಒಂದೊಂದು ಆವರ್ತಕ್ಕೆ ಮೂರು ನಿಧಾನದ ಪೆಟ್ಟು. ಮನುಷ್ಯನಿಗಿರುವುದು ಎರಡೇ ಕಾಲು. ಹಾಗಾಗಿ ಒಂದು ಆವರ್ತ ಬಲಗಾಲಿನಿಂದ ಶುರುವಾದರೆ ಮುಂದಿನದು ಎಡಗಾಲಿನಿಂದ. ಒತ್ತು ಕಾಲಿಂದ ಕಾಲಿಗೆ ದಾಟುತ್ತಲೇ ಇರುತ್ತದೆ, ನಡಿಗೆ ಕವಾಯತಾಗುವುದಿಲ್ಲ. ಧಾಟಿಯೊಳಗೆ ತುಸು ವಿಷಾದವೂ ಇದೆ, ಆದರೆ ಅದು ಮೈಯನ್ನು ಕುಗ್ಗಿಸುವುದಿಲ್ಲ, ನೆಟ್ಟಗೆ ನಿಲ್ಲಿಸುತ್ತದೆ.

ಮರೆತುಹೋಗಿದ್ದ ಪ್ಲೇಫೋರ್ಡ್ ಕುಣಿತಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎತ್ತಿ ತಂದವನು ಇಂಗ್ಲಿಷ್ ಜನಪದ ಸಂಗ್ರಾಹಕ ಸೆಸಿಲ್ ಶಾರ್ಪ್. ಪುಸ್ತಕ ಹೇಳದೆ ಬಿಟ್ಟ ಹೆಜ್ಜೆಗಳನ್ನು ಅವನೇ ಊಹಿಸಿ ತುಂಬಬೇಕಾಯಿತು. 1911ರಲ್ಲಿ ಇಂಗ್ಲಿಷ್ ಜನಪದ ನೃತ್ಯ ಸಂಘ ಕಟ್ಟಿದ, ಮೊದಲ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕಕ್ಕೂ ಹೋಗಿ ಕಲಿಸಿದ. ಇಂದು ಈ ಕುಣಿತಗಳನ್ನು ಕುಣಿಯುವವರೆಲ್ಲ ಶಾರ್ಪ್‌ನ ಊಹೆಗಳಿಗೆ ಋಣಿಗಳು.

ಲಕ್ಷಾಂತರ ಜನ ಈ ಧಾಟಿ ಕೇಳಿದ್ದು ಜೇನ್ ಆಸ್ಟಿನ್ ಕಾದಂಬರಿಯನ್ನು ಆಧರಿಸಿದ 1995ರ ಬಿಬಿಸಿ ಧಾರಾವಾಹಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ. ನೆದರ್‌ಫೀಲ್ಡ್ ಎಂಬ ಬಂಗಲೆಯ ನೃತ್ಯಕೂಟದಲ್ಲಿ ನಾಯಕಿ ಎಲಿಜಬೆತ್ ಮತ್ತು ನಾಯಕ ಡಾರ್ಸಿ ಇದಕ್ಕೇ ಕುಣಿಯುತ್ತಾರೆ. ನಾಟಕವಾಗಿ ಅದು ಅಪ್ಪಟ ದೃಶ್ಯ. ಇಬ್ಬರೂ ಎದುರಾದಾಗ ಮಾತು ಚುಚ್ಚುತ್ತದೆ, ಕುಣಿತ ಅವರನ್ನು ಅಗಲಿಸಿದಾಗ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಹತ್ತಿರವಾದಾಗ ಜಗಳ ಅಲ್ಲಿಂದಲೇ ಮುಂದುವರಿಯುತ್ತದೆ. ಅವಸರವಿಲ್ಲದ ಆ ಮೂರು ಪೆಟ್ಟು ಮಾತಿಗೂ ಮೌನಕ್ಕೂ ಸಮನಾಗಿ ಜಾಗ ಕೊಡುತ್ತದೆ.

ಚರಿತ್ರೆಯಾಗಿ ಮಾತ್ರ ಅದು ತಪ್ಪು. ಜೇನ್ ಆಸ್ಟಿನ್ ಹುಟ್ಟಿದ 1775ಕ್ಕಾಗಲೇ ಧಾಟಿ ಅಚ್ಚಾಗಿ 80 ವರ್ಷವಾಗಿತ್ತು. ಕಾದಂಬರಿ ಹೊರಬಂದದ್ದು 1813ರಲ್ಲಿ, ಅದರಲ್ಲಿ ಆ ಕುಣಿತದ ಹೆಸರೇ ಇಲ್ಲ. ಆ ಕಾಲದ ಹರೆಯದವರು ಹೊಸ ಧಾಟಿ ಬಯಸುತ್ತಿದ್ದರು, ಮುತ್ತಜ್ಜಿಯ ಕಾಲದ್ದನ್ನಲ್ಲ. ಆಸ್ಟಿನ್‌ರ ಇನ್ನೊಂದು ಕಾದಂಬರಿಯನ್ನು ಆಧರಿಸಿದ 1996ರ 'ಎಮ್ಮಾ' ಚಿತ್ರವೂ ಇದನ್ನೇ ಬಳಸಿ ತಪ್ಪನ್ನು ಗಟ್ಟಿಮಾಡಿತು. ಈಗ ಆಸ್ಟಿನ್ ಅಭಿಮಾನಿಗಳ ಕೂಟಗಳಲ್ಲಿ ಇದು ಡಾರ್ಸಿಯ ಕುಣಿತ. ತೆರೆಯ ಮೇಲಿನ ತಪ್ಪನ್ನು ನಾನು ಕ್ಷಮಿಸಬಲ್ಲೆ, ಅಲ್ಲಿ ಕಲೆ ಗೆದ್ದಿದೆ. ಧಾಟಿ ತನ್ನ ಸ್ವಂತ ಕಾಲವನ್ನು ಕಳೆದುಕೊಂಡದ್ದು ಮಾತ್ರ ನೋಯಿಸುತ್ತದೆ.

ಒಮ್ಮೆ ಚಿತ್ರವಿಲ್ಲದೆ, ಬರಿಯ ಪಿಟೀಲಿನಲ್ಲಿ ಇದನ್ನು ಕೇಳಿ. ಕಾಲಲ್ಲಿ ಮೂರರ ಲೆಕ್ಕ ಹಾಕುತ್ತಾ ಕೇಳಿ.