ಪ್ರಥಮ ವರ್ಷದ ವಿದ್ಯಾರ್ಥಿಯ ದಿನಚರ್ಯೆ: ನಮ್ಮ ಕಾಲೇಜು-ಚರಿತ್ರೆಗಳು ಬಿಟ್ಟ ಪುಟ

೧

ಕಾಲೇಜುಗಳ ಚರಿತ್ರೆಯನ್ನು ಬರೆಯುವ ಪದ್ಧತಿಯು ನಮ್ಮಲ್ಲಿ ಒಂದು ನಿಶ್ಚಿತ ರೂಪವನ್ನು ತಾಳಿಬಿಟ್ಟಿದೆ. ಬೆಳ್ಳಿಹಬ್ಬದ ಇಲ್ಲವೆ ಚಿನ್ನದ ಹಬ್ಬದ ಸ್ಮರಣ ಸಂಚಿಕೆಯನ್ನು ಯಾರೇ ತೆರೆದು ನೋಡಲಿ, ಮೊದಲು ಸಂಸ್ಥಾಪಕರ ಭಾವಚಿತ್ರ, ಬಳಿಕ ಭೂಮಿ ದಾನವಿತ್ತವರ ಹೆಸರು, ಅಡಿಗಲ್ಲಿನ ದಿನಾಂಕ, ಪ್ರಾಚಾರ್ಯರ ಅನುಕ್ರಮಣಿಕೆ, ಉನ್ನತ ಶ್ರೇಣಿ ಪಡೆದವರ ಪಟ್ಟಿ, ಇವು ಕ್ರಮವಾಗಿ ಬರುವವು. ಇವೆಲ್ಲವೂ ಬೇಕಾದ ಸಂಗತಿಗಳೇ. ಆದರೆ ಯಾರ ಸಲುವಾಗಿ ಆ ಕಟ್ಟಡವು ಎದ್ದಿತೋ ಆ ಹುಡುಗನು, ಆ ಹುಡುಗಿಯು, ಕಾಲೇಜಿನ ಮೊದಲನೆಯ ವರ್ಷದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದಿನವನ್ನು ಹೇಗೆ ಕಳೆದರೆಂಬ ಪ್ರಶ್ನೆಗೆ ಆ ಪುಟಗಳಲ್ಲಿ ಉತ್ತರ ದೊರೆಯದು.

ಪ್ರಸ್ತುತ ಲೇಖನದಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಕೊರತೆಯನ್ನು ವಿಮರ್ಶಿಸಲು ಯತ್ನಿಸಿದ್ದೇವೆ. ದಿನಚರ್ಯೆಯನ್ನು ಬಿಟ್ಟ ಚರಿತ್ರೆಯು ಅಪೂರ್ಣವಾಗುವದಲ್ಲದೆ ತಪ್ಪು ನಿರ್ಣಯಕ್ಕೂ ಎಡೆಗೊಡುವದೆಂಬುದು ನಮ್ಮ ಪ್ರತಿಪಾದನೆ. ಏಕೆಂದರೆ ಕಾಲೇಜನ್ನು ನಡುವೆಯೇ ಬಿಟ್ಟವರನ್ನು ಅಂಥ ಚರಿತ್ರೆಯು 'ಅಭ್ಯಾಸದಲ್ಲಿ ಹಿಂದುಳಿದವರು' ಎಂದು ಕರೆದು ಮುಂದಕ್ಕೆ ಸಾಗುವದು.

ಈ ನಾಲ್ಕು ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ವರ್ಷದಲ್ಲಿ ಹಾವೇರಿ ಜಿಲ್ಲೆಗೆ ಒಳಪಟ್ಟವು. ೧೮೮೪ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಧಾರವಾಡ ಗ್ಯಾಝೆಟಿಯರಿನಲ್ಲಿ ಶಿಗ್ಗಾಂವಿಯ ಸೀಮೆಯು ಬಂಕಾಪುರವೆಂದೂ ಹಿರೇಕೆರೂರಿನ ಸೀಮೆಯು ಕೋಡವೆಂದೂ ಕರೆಯಲ್ಪಟ್ಟಿವೆ. ಸವಣೂರಾದರೋ ೧೯೪೮ರವರೆಗೆ ನವಾಬರ ಸಂಸ್ಥಾನವಾಗಿದ್ದಿತು. ಇಲ್ಲಿಯ ವಿದ್ಯಾರ್ಥಿಗೆ ಕಾಲೇಜು ಎಂಬುದು ಬಹುಕಾಲ ದೂರದ ಊರಿನ ವಸ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾದುದು ೧೯೧೭ರಲ್ಲಿ. ಅದಕ್ಕೂ ಮೊದಲು ಧಾರವಾಡದವರೇ ಆದ ದ. ರಾ. ಬೇಂದ್ರೆಯವರು ಕೂಡ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಬೇಕಾಯಿತೆಂದ ಮೇಲೆ ಹಾನಗಲ್ಲಿನ ರೈತನ ಮಗನ ಮಾತೇನು? ಇಂದು ಈ ಭಾಗದಲ್ಲಿ ಕಾಲೇಜುಗಳಿವೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪಿತವಾಗಿದೆ. ಕಾಲೇಜು ಹತ್ತಿರ ಬಂದಿದೆ. ಆದರೆ ಮನೆಯ ಹೊಸ್ತಿಲಿಂದ ತರಗತಿಯ ಬೆಂಚಿನವರೆಗಿನ ದಾರಿಯು ಎಷ್ಟರಮಟ್ಟಿಗೆ ಹತ್ತಿರವಾಗಿದೆಯೆಂಬುದನ್ನು ಯಾರೂ ಬರೆದಿಡಲಿಲ್ಲ.

೨

ವಿದ್ಯಾರ್ಥಿಯ ನಿತ್ಯಜೀವನವು ಇತಿಹಾಸಕ್ಕೆ ತಕ್ಕ ವಸ್ತುವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಇಂಥವರು ನಮ್ಮ ಶಾಸನಗಳನ್ನು ಮತ್ತೊಮ್ಮೆ ನೋಡಬೇಕೆಂದು ವಿನಂತಿಸುತ್ತೇವೆ. ವಿಜಾಪುರ ಸೀಮೆಯ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ.ಶ. ೯೪೫ರ ಶಾಸನವು ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯೊಂದರ ವೃತ್ತಾಂತವನ್ನು ತಿಳಿಸುವದು. ಹಲವು ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ ೨೭ ವಸತಿಗಳಿದ್ದವು. ಅವರ ದೀಪದ ಖರ್ಚಿಗೆಂದೇ ೧೨ ನಿವರ್ತನ ಭೂಮಿಯನ್ನು ಬಿಡಲಾಗಿದ್ದಿತು. ಊರಿನಲ್ಲಿ ಮದುವೆ ನಡೆದಾಗ, ಉಪನಯನ ನಡೆದಾಗ, ಶಾಲೆಗೆ ಇಷ್ಟಿಷ್ಟು ಸಲ್ಲಬೇಕೆಂಬ ಕಟ್ಟಳೆಯೂ ಇದ್ದಿತು. ಕಲಬುರ್ಗಿ ಸೀಮೆಯ ನಾಗಾವಿಯ ೧೦೫೮ರ ಶಾಸನವು ಘಟಿಕಾಸ್ಥಾನದ ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗಳನ್ನು, ಅಂದರೆ ಗ್ರಂಥಪಾಲಕರನ್ನು, ಮರೆಯದೆ ಹೆಸರಿಸುವದು. ಹಿರೇಕೆರೂರಿಗೆ ನೆರೆಯದಾದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠದ ೧೧೬೨ರ ಶಾಸನವಿದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠವು ನಡೆಯುತ್ತಿದ್ದ ಸ್ಥಾನವೇ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೂ ಆಗಿದ್ದಿತು.

ಈ ಶಾಸನಗಳಿಂದ ಪ್ರಾಚೀನ ಕಾಲವನ್ನು ಕೊಂಡಾಡುವದು ನಮ್ಮ ಉದ್ದೇಶವಲ್ಲ. ಸಾಲೋಟಗಿಯ ಶಾಲೆಯು ಒಂದು ವರ್ಣದ ಗಂಡುಮಕ್ಕಳಿಗಾಗಿ ಇದ್ದಿತು. ಇಂದು ನಮ್ಮ ಮುಂದೆ ಕುಳಿತುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಶಾಸನವನ್ನು ಬರೆಯಿಸಿದವನಿಗೆ ಒಂದು ಮಾತು ಸ್ಪಷ್ಟವಿದ್ದಿತು: ದೀಪವಿಲ್ಲದೆ, ಕೂಳಿಲ್ಲದೆ, ಮಲಗಲು ತಾಣವಿಲ್ಲದೆ ವಿದ್ಯೆಯು ನಡೆಯದು; ಆದುದರಿಂದ ಇವು ವಿದ್ಯಾಸಂಸ್ಥೆಯ ಅಂಗಗಳೇ ಹೊರತು ಅದರ ಹೊರಗಿನವಲ್ಲ. ದೀಪದ ಎಣ್ಣೆಯನ್ನು ಕಲ್ಲಿನಲ್ಲಿ ಕೊರೆಯಿಸಿದ ನಾಡಿನಲ್ಲಿ ಇಂದಿನ ಕಾಲೇಜು-ಚರಿತ್ರೆಯು ವಿದ್ಯಾರ್ಥಿಯ ಬಸ್ಸಿನ ಪಾಸನ್ನು ಕ್ಷುಲ್ಲಕವೆಂದು ಬಿಡುವದು ವಿಚಿತ್ರವಾಗಿ ತೋರದಿರದು.

೩

ಸ್ಮರಣ ಸಂಚಿಕೆಗಳು ಮೌನವಾಗಿರುವಾಗ ಆತ್ಮವೃತ್ತಗಳೂ ನೆನಹುಗಳೂ ಇವೆಯಲ್ಲವೇ ಎಂದು ಕೇಳಬಹುದು. ಇವೆ, ಮತ್ತು ಅವು ಬೆಲೆಯುಳ್ಳವೂ ಆಗಿವೆ. ಹಳೆಯ ತಲೆಮಾರಿನವರ ಮಾತಿನಲ್ಲಿ ಧಾರವಾಡದ ಬಾಡಿಗೆ ಖೋಲಿ, ಊರಿಂದ ಬಸ್ಸಿನ ಮೇಲೆ ಬರುತ್ತಿದ್ದ ರೊಟ್ಟಿಯ ಬುತ್ತಿ, ವಾರಾನ್ನದ ಮನೆಗಳು, ಮುರುಘಾಮಠದ ಉಚಿತ ಪ್ರಸಾದ ನಿಲಯ, ಇವು ಮತ್ತೆ ಮತ್ತೆ ಬರುವವು. ಬುತ್ತಿಯ ಗಂಟನ್ನು ಬಿಚ್ಚಿದಾಗ ರೊಟ್ಟಿಯ ಜೊತೆಗೆ ಅವ್ವನ ಕೈಯ ಶೇಂಗಾ ಚಟ್ನಿಯೂ ಇರುತ್ತಿದ್ದಿತೆಂದು ನೆನೆಯದ ಹಿರಿಯರು ವಿರಳ.

ಆದರೆ ಆಕರವಿಮರ್ಶೆಯ ದೃಷ್ಟಿಯಿಂದ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನೆನಹುಗಳನ್ನು ಬರೆದವರು ದಡ ಸೇರಿದವರು. ಸವಣೂರಿನ ವಿಷಯವನ್ನೇ ನೋಡೋಣ. ೧೯೦೯ರಲ್ಲಿ ಅಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಸವಣೂರಿನ ಮಜೀದ್ ಹಾಯಸ್ಕೂಲಿನಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜಿಗೆ ಹೋದರು. ಮುಂದೆ ಆಕ್ಸಫರ್ಡಿಗೂ ಹೋಗಿ ಬಂದರು. ೧೯೫೦ರ ದಶಕದಲ್ಲಿ ತಾವು ಕಲಿತ ಅದೇ ಕರ್ನಾಟಕ ಕಾಲೇಜಿನ ಪ್ರಾಚಾರ್ಯರಾದರು. ೧೯೩೯ರಲ್ಲಿ ಹತ್ತಿಮತ್ತೂರಿನಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರೂ ಅದೇ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಅಧ್ಯಾಪಕರಾಗಿ, ೧೯೬೪ರಲ್ಲಿ ಗೆಳೆಯರೊಡನೆ 'ಸಂಕ್ರಮಣ' ಪತ್ರಿಕೆಯನ್ನು ಆರಂಭಿಸಿದರು. ಒಂದೇ ಸೀಮೆಯಿಂದ ಬಂದ ಇಬ್ಬರು ಕನ್ನಡ ಕವಿಗಳೂ ಇಂಗ್ಲಿಷಿನ ಅಧ್ಯಾಪಕರಾದುದು ಗಮನಾರ್ಹ. ಇವರಿಗೆ ತೆರೆದ ಅದೇ ಇಂಗ್ಲಿಷಿನ ಬಾಗಿಲು ಇನ್ನೆಷ್ಟೋ ಮಂದಿಗೆ ಮೊದಲನೆಯ ವರ್ಷದಲ್ಲಿಯೇ ಮುಚ್ಚಿತು. ಅಂಥವರು ಆತ್ಮವೃತ್ತವನ್ನು ಬರೆಯಲಿಲ್ಲ. ಊರಿಗೆ ಮರಳಿ ಎತ್ತು ಕಟ್ಟಿದರು, ಇಲ್ಲವೆ ಅಂಗಡಿಯಲ್ಲಿ ಲೆಕ್ಕ ಬರೆದರು.

ಗೋಕಾಕರ ಅಧ್ಯಕ್ಷತೆಯಲ್ಲಿ ೧೯೮೦ರಲ್ಲಿ ನೇಮಕವಾದ ಸಮಿತಿಯ ವರದಿಯು ಪ್ರೌಢಶಾಲೆಯ ಪ್ರಥಮ ಭಾಷೆಯ ಪ್ರಶ್ನೆಯನ್ನು ನಾಡಿನ ಮುಂದಿಟ್ಟಿತು. ಅದರ ಹಿಂದೆ ದೊಡ್ಡ ಚಳವಳಿಯೇ ನಡೆಯಿತು. ಪ್ರೌಢಶಾಲೆಯಿಂದ ಹೊರಬಿದ್ದ ಮೇಲೆ ಕಾಲೇಜಿನ ಮೊದಲ ಮೆಟ್ಟಿಲಿನಲ್ಲಿ ಏನಾಗುವದೆಂಬ ಪ್ರಶ್ನೆಗೆ ಅಂಥ ಚಳವಳಿಯ ಭಾಗ್ಯವು ದೊರೆಯಲಿಲ್ಲ.

೪

ಹಾಗಾದರೆ ದಡ ಸೇರದವರ ದಿನಚರ್ಯೆಯನ್ನು ಎಲ್ಲಿ ಹುಡುಕಬೇಕು? ನಮ್ಮ ಅಭಿಪ್ರಾಯದಲ್ಲಿ, ಕಾಲೇಜಿನ ಕಚೇರಿಯ ಕಪಾಟಿನಲ್ಲಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಗ್ರಂಥಾಲಯದಿಂದ ಪುಸ್ತಕ ಎರವಲು ಕೊಟ್ಟ ವಹಿ, ವಿದ್ಯಾರ್ಥಿವೇತನದ ಅರ್ಜಿ, ವರ್ಗಾವಣೆ ಪತ್ರದ ಪ್ರತಿ, ಈ ಐದನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದರೆ ಒಬ್ಬ ವಿದ್ಯಾರ್ಥಿಯ ವರ್ಷವು ತಕ್ಕಮಟ್ಟಿಗೆ ಕಣ್ಣಿಗೆ ಕಟ್ಟುವದು. ಆತನು ಯಾವ ಹಳ್ಳಿಯಿಂದ ಬಂದನು, ತಂದೆಯ ಕಸುಬೇನು, ಯಾವ ವಾರದಲ್ಲಿ ಬರಲಿಲ್ಲ, ಯಾವ ಪುಸ್ತಕವನ್ನು ಒಯ್ದನು, ಯಾವ ತಿಂಗಳಲ್ಲಿ ಹೊರಟುಹೋದನು, ಇವೆಲ್ಲ ಅಲ್ಲಿರುವವು.

ಹಾಜರಿ ಪುಸ್ತಕವನ್ನು ಬೆಳೆಯ ಪಂಚಾಂಗದೊಡನೆ ಓದಬೇಕು. ಗೋವಿನಜೋಳ, ಹತ್ತಿ, ಭತ್ತಗಳ ಈ ಸೀಮೆಯಲ್ಲಿ ಸುಗ್ಗಿಯ ದಿನಗಳಲ್ಲಿ ತರಗತಿಯು ತೆಳುವಾಗುವದನ್ನು ಪಾಠ ಹೇಳುವ ಯಾರೇ ಆದರೂ ಬಲ್ಲರು. ಶೇಕಡಾ ೭೫ ಹಾಜರಿಯ ನಿಯಮವು ಈ ಬಿಡುವನ್ನು ಅಶಿಸ್ತೆಂದು ಎಣಿಸುವದು. ಚರಿತ್ರಕಾರನು ಅದನ್ನು ಕೂಲಿಯ ಲೆಕ್ಕವೆಂದು ಓದಬೇಕು.

ಪ್ರಥಮ ವರ್ಷದ ಇತಿಹಾಸ ತರಗತಿಯಲ್ಲಿ ಒಮ್ಮೆ ನಾವು, ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ನಡೆದುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿರೆಂದು ಕೇಳಿದೆವು. ಹೆಸರು ಬೇಡವೆಂದು ತಿಳಿಸಿದೆವು. ಬಂದ ಹಾಳೆಗಳಲ್ಲಿ ಕಾಲೇಜಿನ ವಿಷಯವು ಸ್ವಲ್ಪ, ಕಾಲೇಜಿಗೆ ಬರುವ ವಿಷಯವು ಬಹಳ. ಒಬ್ಬಳು ದನಗಳ ಕೆಲಸ ಮುಗಿಸಿ, ರೊಟ್ಟಿ ಬಡಿದು, ತಮ್ಮನನ್ನು ಸಾಲೆಗೆ ಕಳಿಸಿ, ನಸುಕಿನ ಬಸ್ಸು ಹಿಡಿದುದನ್ನು ಬರೆದಿದ್ದಳು. ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಮೊದಲ ಎರಡು ತಾಸುಗಳು ಹೋಗುವವು. ಒಬ್ಬನು ಸಂಜೆ ಎಲೆಬಳ್ಳಿಯ ತೋಟದಲ್ಲಿ ದುಡಿದುದನ್ನು ಬರೆದಿದ್ದನು. ಇನ್ನೊಂದು ಹಾಳೆಯಲ್ಲಿ ಎರಡೇ ಸಾಲುಗಳಿದ್ದವು: ಇಂಗ್ಲಿಷಿನ ತಾಸಿಗೆ ಹೊರಗೆ ಗಿಡದ ಕೆಳಗೆ ಕುಳಿತೆ, ಒಳಗಿದ್ದರೆ ಸರ್ ಎಬ್ಬಿಸಿ ಕೇಳುತ್ತಾರೆ. ಆ 'ಸರ್' ನಾವಲ್ಲವಾದರೂ, ನಮ್ಮ ತಾಸಿಗೆ ಬಾರದವರು ಎಲ್ಲಿ ಕುಳಿತಿರುವರೆಂದು ಅಂದಿನವರೆಗೆ ನಾವೂ ಕೇಳಿರಲಿಲ್ಲ.

ಈ ಹಾಳೆಗಳು ಒಂದು ಸಂಗತಿಯನ್ನು ಬೋಧಿಸುವವು. ಪಠ್ಯಕ್ರಮದ ಸುಧಾರಣೆಯನ್ನು ನಾವು ಚರಿತ್ರೆಯೆಂದು ಭಾವಿಸಿದ್ದೇವೆ. ೨೦೨೧ರಲ್ಲಿ ಪದವಿಯು ನಾಲ್ಕು ವರ್ಷದ ವ್ಯವಸ್ಥೆಗೆ ಬಂದಿತು. ೨೦೨೪ರಲ್ಲಿ ಮರಳಿ ಮೂರು ವರ್ಷವಾಯಿತು. ಪ್ರಥಮ ವರ್ಷದ ವಿದ್ಯಾರ್ಥಿಯ ಪುಸ್ತಕಗಳು ಬದಲಾದವು, ಬಸ್ಸಿನ ವೇಳೆಯು ಬದಲಾಗಲಿಲ್ಲ. ಇದಕ್ಕೆ ವಿರುದ್ಧವಾಗಿ, ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಪ್ರಯಾಣವು ಉಚಿತವಾಯಿತು. ಅದು ಶಿಕ್ಷಣ ಇಲಾಖೆಯ ಯೋಜನೆಯಲ್ಲ. ಆದರೂ ಹಾನಗಲ್ಲು, ಹಿರೇಕೆರೂರುಗಳಂಥ ರೈಲಿಲ್ಲದ ತಾಲೂಕುಗಳಲ್ಲಿ ಒಬ್ಬ ಹುಡುಗಿಯ ಕಾಲೇಜಿನ ಖರ್ಚಿನಲ್ಲಿ ಒಂದು ದೊಡ್ಡ ಬಾಬು ಅದರಿಂದ ಅಳಿಯಿತು. ಮುಂದೆ ಈ ಭಾಗದ ಸ್ತ್ರೀಶಿಕ್ಷಣದ ಚರಿತ್ರೆಯನ್ನು ಬರೆಯುವವರು ಈ ದಿನಾಂಕವನ್ನು ಅಡಿಗಲ್ಲಿನ ದಿನಾಂಕಗಳ ಸಾಲಿನಲ್ಲಿಯೇ ಇಡಬೇಕಾಗುವದು.

೫

ನಾವು ಸೂಚಿಸಿದ ಆಕರಗಳಿಗೂ ದೋಷಗಳಿವೆಯೆಂಬುದನ್ನು ಮರೆಮಾಚಲಾಗದು. ಹಾಜರಿಯನ್ನು ಗೆಳೆಯನು ಕೂಗಬಹುದು. ಕರುಣೆಯುಳ್ಳ ಅಧ್ಯಾಪಕನು ವರ್ಷದ ಕೊನೆಗೆ ಕೆಲವು ಬಿಂದುಗಳನ್ನು ತಿದ್ದಬಹುದು. ಅರ್ಜಿಯಲ್ಲಿ ಬರೆದ ಉತ್ಪನ್ನವು ಅರ್ಜಿಗಾಗಿ ಬರೆದ ಉತ್ಪನ್ನವಾಗಿರಬಹುದು. ವರ್ಗಾವಣೆ ಪತ್ರದಲ್ಲಿ 'ಸ್ವಂತ ಕಾರಣ' ಎಂದಿದ್ದರೆ ಅದು ಮದುವೆಯೋ ಸಾಲವೋ ತಂದೆಯ ಅನಾರೋಗ್ಯವೋ ತಿಳಿಯುವಂತಿಲ್ಲ. ತಮ್ಮ ಅಧ್ಯಾಪಕರು ಓದುವರೆಂದು ತಿಳಿದು ವಿದ್ಯಾರ್ಥಿಗಳು ಬರೆದ ಹಾಳೆಯಲ್ಲಿಯೂ ಸಂಕೋಚವು ಇದ್ದೇ ಇರುವದು. ಆದರೆ ದೋಷವಿಲ್ಲದ ಆಕರವು ಯಾವ ಶಾಖೆಯಲ್ಲಿದೆ? ಪ್ರಶಸ್ತಿಯ ಅತ್ಯುಕ್ತಿಯನ್ನು ಜರಡಿ ಹಿಡಿದು ದಾನದ ಸಂಗತಿಯನ್ನು ಹೊರತೆಗೆಯಲು ಬಲ್ಲ ನಮಗೆ ಒಂದು ಹಾಜರಿ ಪುಸ್ತಕವನ್ನು ಜರಡಿ ಹಿಡಿಯುವದು ಅಸಾಧ್ಯವೇನಲ್ಲ.

ಅಡಚಣೆಯು ಬೇರೆ ಕಡೆಗಿದೆ. ನಾವು ಕಂಡ ಒಂದು ಕಾಲೇಜಿನಲ್ಲಿ ಹಲವು ವರ್ಷಗಳ ಹಾಜರಿ ಪುಸ್ತಕಗಳೂ ಗ್ರಂಥಾಲಯದ ವಹಿಗಳೂ ಒಂದು ಮಧ್ಯಾಹ್ನ ರದ್ದಿಯವನ ತಕ್ಕಡಿಯನ್ನೇರಿದವು. ಕೋಣೆಯು ಬೇಕಾಗಿದ್ದಿತು; ಇರಿಸಿಕೊಳ್ಳಬೇಕಾದ ಅವಧಿಯು ಮುಗಿದಿದ್ದಿತು; ಯಾರದೂ ತಪ್ಪಿರಲಿಲ್ಲ. ಅದೇ ಕಾಲೇಜಿನ ಅಡಿಗಲ್ಲಿಗೆ ಪ್ರತಿವರ್ಷವೂ ಸುಣ್ಣಬಣ್ಣವಾಗುವದು. ಈಗ ಪ್ರವೇಶ, ಶುಲ್ಕ, ಪರೀಕ್ಷೆಗಳು ಗಣಕಯಂತ್ರಕ್ಕೆ ಸೇರಿರುವದರಿಂದ ಇನ್ನು ಮುಂದಿನ ಸಂಖ್ಯೆಗಳು ಉಳಿಯಬಹುದು. ಆದರೆ ಕಾಗದದ ಮೇಲಿನ ಹಿಂದಿನ ದಶಕಗಳು ಒಂದೊಂದು ಬೇಸಗೆಗೆ ಒಂದಿಷ್ಟರಂತೆ ಹೋಗುತ್ತಿವೆ.

ಆದುದರಿಂದ ನಮ್ಮ ಸೂಚನೆಗಳು ಸರಳವಾಗಿವೆ. ಈ ನಾಲ್ಕು ತಾಲೂಕುಗಳ ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವು ಪ್ರಥಮ ವರ್ಷದ ಹಳೆಯ ದಾಖಲಾತಿ ಮತ್ತು ಹಾಜರಿ ಪುಸ್ತಕಗಳನ್ನು, ವ್ಯಕ್ತಿಗಳ ಹೆಸರು ಬಹಿರಂಗವಾಗದಂತೆ, ತನ್ನ ವಶಕ್ಕೆ ತೆಗೆದುಕೊಳ್ಳಲಿ. ಪ್ರತಿವರ್ಷವೂ ಪ್ರಥಮ ವರ್ಷದವರಿಂದ ಒಂದು ದಿನದ ದಿನಚರ್ಯೆಯನ್ನು ಬರೆಯಿಸಿ, ತಾರೀಖು ಹಾಕಿ, ಕಟ್ಟು ಕಟ್ಟಿ ಇಡಲಿ. ಮೊದಲನೆಯ ವರ್ಷದಲ್ಲಿಯೇ ಕಾಲೇಜು ಬಿಟ್ಟವರಲ್ಲಿ ಕೆಲವರನ್ನಾದರೂ ಸ್ನಾತಕೋತ್ತರ ವಿದ್ಯಾರ್ಥಿಗಳು ಅವರವರ ಹಳ್ಳಿಗೆ ಹೋಗಿ, ಅವರ ಒಪ್ಪಿಗೆ ಪಡೆದು, ಮಾತನಾಡಿಸಲಿ. ಇದಕ್ಕೆ ಧನಸಹಾಯದ ಅವಶ್ಯಕತೆಯು ಹೆಚ್ಚಿಲ್ಲ. ಒಂದು ಕಪಾಟು, ಗೆದ್ದಲಿಗೆ ಔಷಧ, ಮತ್ತು ಕೆಲವು ರಜೆಯ ದಿನಗಳು ಸಾಕು.

ಇಂಥ ಸಾಮಗ್ರಿಯು ಒದಗಿದ ದಿನ, ಜುಲೈ ತಿಂಗಳ ಹಾಜರಿಯಲ್ಲಿ ಕಂಡು ನವೆಂಬರಿನಲ್ಲಿ ಕಾಣದಾದ ಹೆಸರೊಂದರ ಮುಂದೆ ನಾವು ಬೆರಳಿಟ್ಟು ನಿಲ್ಲಬೇಕಾಗುವದು. ಆತನು ದಡ್ಡನಾಗಿದ್ದನೇ, ಆತನ ಊರಿನ ಬಸ್ಸು ನಿಂತಿದ್ದಿತೇ, ಅಥವಾ ಗಿಡದ ಕೆಳಗೆ ಕುಳಿತಿದ್ದವನನ್ನು ಯಾರೂ ಒಳಗೆ ಕರೆಯಲಿಲ್ಲವೇ? ಈ ಮೂರು ಕಾರಣಗಳನ್ನು ಬೇರ್ಪಡಿಸಿ ಹೇಳಲು ಶಕ್ತವಾದ ಚರಿತ್ರೆಯನ್ನೇ ಕಾಲೇಜಿನ ಚರಿತ್ರೆಯೆಂದು ಕರೆಯಲು ನಾವು ಒಪ್ಪುವೆವು. ಅಲ್ಲಿಯವರೆಗೆ ನಮ್ಮಲ್ಲಿರುವದು ಕಟ್ಟಡಗಳ ಚರಿತ್ರೆ ಮಾತ್ರ.