ಸಂದರ್ಶಕನ ಅಳುಕು ಮತ್ತು ಸಂದರ್ಶನದ ಔಚಿತ್ಯ

ಪ್ರಸಿದ್ಧ ವ್ಯಕ್ತಿಯೊಬ್ಬನ ಎದುರಿನಲ್ಲಿ ಮೊದಲ ಬಾರಿಗೆ ಪ್ರಶ್ನೆಗಳನ್ನು ಹಿಡಿದು ಕುಳಿತ ತರುಣ ಪತ್ರಕರ್ತನ ನಾಲಗೆ ಒಣಗುವುದು ಸಹಜ. ಈ ಕಸಬನ್ನು ಕಲಿಸುವವರು ಸಾಮಾನ್ಯವಾಗಿ ಈ ಅಳುಕನ್ನು ನಿವಾರಿಸಬೇಕಾದ ದೋಷವೆಂದೇ ಎಣಿಸುತ್ತಾರೆ. ಸಿದ್ಧತೆಯಿಂದಲೂ ಅಭ್ಯಾಸದಿಂದಲೂ ಅದು ಕಳೆಯುವುದೆಂದು ಧೈರ್ಯ ಹೇಳುತ್ತಾರೆ. ಕಳೆಯುವುದೂ ನಿಜವೇ. ಆದರೆ ಅದು ಕಳೆದ ಮೇಲೆ ಏನಾಗುತ್ತದೆಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಸಂದರ್ಶಕನ ನಿಜವಾದ ಪರೀಕ್ಷೆ ಪ್ರಾರಂಭವಾಗುವುದು ಆಗಲೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ನಾಯಕ್’ (1966) ಮತ್ತು ಕ್ಯಾಮರಾನ್ ಕ್ರೋ ಅವರ ಅಮೆರಿಕದ ಚಿತ್ರ ‘ಆಲ್ಮೋಸ್ಟ್ ಫೇಮಸ್’ (2000) ಇವೆರಡನ್ನೂ ಜೊತೆಗಿಟ್ಟು ಪರಿಶೀಲಿಸಬಹುದು.

‘ನಾಯಕ್’ ಚಿತ್ರದ ಅರಿಂದಮ್ ಮುಖರ್ಜಿ (ಉತ್ತಮ್ ಕುಮಾರ್) ಬಂಗಾಳದ ಜನಪ್ರಿಯ ನಟ. ಪ್ರಶಸ್ತಿಯೊಂದನ್ನು ಸ್ವೀಕರಿಸಲು ಕಲಕತ್ತೆಯಿಂದ ದಿಲ್ಲಿಗೆ ರೈಲಿನಲ್ಲಿ ಹೊರಟಿದ್ದಾನೆ. ಅವನು ಹೊಡೆದಾಟದಲ್ಲಿ ಸಿಲುಕಿಕೊಂಡ ಸುದ್ದಿ ಅಂದಿನ ಪತ್ರಿಕೆಯಲ್ಲಿಯೇ ಬಂದಿದೆ. ಅದೇ ಗಾಡಿಯಲ್ಲಿ ‘ಆಧುನಿಕಾ’ ಎಂಬ ಮಹಿಳಾ ಪತ್ರಿಕೆಯ ತರುಣ ಸಂಪಾದಕಿ ಅದಿತಿಯೂ (ಶರ್ಮಿಳಾ ಟಾಗೋರ್) ಇದ್ದಾಳೆ. ತಾರೆಯನ್ನು ಕಂಡು ಬೆರಗಾಗುವ ಸ್ವಭಾವ ಅವಳದಲ್ಲ. ಅಂಥವರ ವಿಷಯದಲ್ಲಿ ಅವಳಿಗೆ ಒಂದು ಬಗೆಯ ತಾತ್ಸಾರವೇ ಇದೆ. ಹಾಗಿದ್ದೂ ಡೈನಿಂಗ್ ಕಾರಿನಲ್ಲಿ ಅವನ ಬಳಿಗೆ ಅವಳು ಹೋಗುವುದು ಹಸ್ತಾಕ್ಷರದ ನೆಪದಿಂದ. ಮಾತನ್ನು ಬರೆದುಕೊಳ್ಳುವುದು ಅವನ ಕಣ್ಣಿಗೆ ಬೀಳದಂತೆ. ತಾತ್ಸಾರವೂ ಅಳುಕಿನದೇ ಒಂದು ವೇಷವೆಂಬುದನ್ನು ರಾಯ್ ಅವರು ಇಷ್ಟರಲ್ಲಿಯೇ ಸೂಚಿಸಿಬಿಡುತ್ತಾರೆ.

‘ಆಲ್ಮೋಸ್ಟ್ ಫೇಮಸ್’ ಚಿತ್ರದ ವಿಲಿಯಂ ಮಿಲ್ಲರ್ ಹದಿನೈದರ ಶಾಲಾ ಬಾಲಕ, ಕಾಲ 1973. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಸಂಪಾದಕರೊಡನೆ ದೂರವಾಣಿಯಲ್ಲಿ ಧ್ವನಿಯನ್ನು ದಪ್ಪಮಾಡಿಕೊಂಡು ಮಾತಾಡಿ, ತನ್ನ ವಯಸ್ಸನ್ನು ಮರೆಮಾಚಿ, ‘ಸ್ಟಿಲ್‌ವಾಟರ್’ ಎಂಬ ಕಲ್ಪಿತ ಸಂಗೀತತಂಡದ ಬೆನ್ನುಹತ್ತಿ ಊರೂರು ಅಲೆಯುತ್ತಾನೆ. ಕ್ರೋ ಅವರೂ ಹದಿಹರೆಯದಲ್ಲಿಯೇ ಅದೇ ಪತ್ರಿಕೆಗೆ ಬರೆದವರು. 1973ರಲ್ಲಿ ಆಲ್ಮನ್ ಬ್ರದರ್ಸ್ ತಂಡದೊಡನೆ ಸಂಚರಿಸಿದವರು. ಹುಡುಗನ ಬೆರಗು ಚಿತ್ರದಲ್ಲಿ ಇಷ್ಟು ಸಹಜವಾಗಿ ಮೂಡಿರುವುದಕ್ಕೆ ಆ ಅನುಭವವೇ ಕಾರಣವಿರಬೇಕು. ಒಬ್ಬಳು ಪುಸ್ತಕವನ್ನು ಮರೆಮಾಡುತ್ತಾಳೆ, ಮತ್ತೊಬ್ಬ ವಯಸ್ಸನ್ನು. ಅಳುಕು ಇಬ್ಬರನ್ನೂ ಸಣ್ಣ ಕಪಟಕ್ಕೆ ದೂಡಿದೆ.

ಆದರೆ ಅಳುಕಿಗೆ ಒಂದು ಗುಣವೂ ಉಂಟು. ನೀನು ಬೇರೆ, ನಾನು ಬೇರೆ ಎಂಬ ಗೆರೆಯನ್ನು ಅದು ಅಳಿಯಗೊಡದು. ವಿಲಿಯಂನಿಗೆ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕ ಮೊದಲೇ ಎಚ್ಚರ ಹೇಳಿರುತ್ತಾನೆ: ಅವರು ನಿನ್ನನ್ನು ಗೆಳೆಯನನ್ನಾಗಿ ಮಾಡಿಕೊಳ್ಳುತ್ತಾರೆ, ಅಲ್ಲಿಯೇ ನಿನಗೆ ಅಪಾಯ, ಎಂದು. ಹಾಗೆಯೇ ಆಗುತ್ತದೆ. ಹುಡುಗನ ಮೊದಲ ಬರಹವು ಬರಿಯ ಹೊಗಳಿಕೆಯೆಂದು ಪತ್ರಿಕೆಯವರಿಗೇ ರುಚಿಸುವುದಿಲ್ಲ. ಹೆದರಿಕೆಯಲ್ಲಿ ಕೆಡದಿದ್ದ ದೃಷ್ಟಿ ಸಲಿಗೆಯಲ್ಲಿ ಕೆಟ್ಟಿತು.

ಎರಡು ಚಿತ್ರಗಳಲ್ಲಿಯೂ ಗೆರೆ ಪೂರ್ಣವಾಗಿ ಅಳಿಸಿಹೋಗುವ ಒಂದೊಂದು ಸನ್ನಿವೇಶವಿದೆ. ಬಿರುಗಾಳಿಗೆ ಸಿಕ್ಕಿದ ವಿಮಾನದಲ್ಲಿ ಸಾವು ಬಂದಿತೆಂದೇ ನಂಬಿದ ಸಂಗೀತಗಾರರು ಬಚ್ಚಿಟ್ಟ ಗುಟ್ಟುಗಳನ್ನೆಲ್ಲ ಹೊರಗೆಡಹುತ್ತಾರೆ. ವಿಮಾನ ಸುಖವಾಗಿ ಇಳಿಯುತ್ತದೆ. ಇತ್ತ ರೈಲಿನಲ್ಲಿ, ಕುಡಿದು ಕಂಗೆಟ್ಟ ಅರಿಂದಮ್ ನಡುರಾತ್ರಿ ಅದಿತಿಯನ್ನು ಕರೆಯಿಸಿ, ತನ್ನ ಬಾಳಿನ ಇನ್ನೊಂದು ಕಹಿಯನ್ನು ಹೇಳಹೊರಡುತ್ತಾನೆ. ಮರಣಭಯವೂ ಮದ್ಯವೂ ಮನುಷ್ಯನ ಬಾಯಿ ಬಿಡಿಸಬಲ್ಲವು. ಹಾಗೆ ಬಂದ ಮಾತನ್ನು ಒಪ್ಪಿ ಕೊಟ್ಟ ಉತ್ತರವೆಂದು ಗಣಿಸಬಹುದೇ ಎಂಬುದು ಇಲ್ಲಿಯ ಮುಖ್ಯ ಸಮಸ್ಯೆ.

ಅದಿತಿ ಅವನ ಮಾತನ್ನು ಅಲ್ಲಿಯೇ ತಡೆಯುತ್ತಾಳೆ. ಬೆಳಗಾದ ಮೇಲೆ ಅವಳು ಟಿಪ್ಪಣಿಗಳನ್ನು ಹರಿದುಹಾಕುವುದನ್ನು ಎಲ್ಲರೂ ಕೊಂಡಾಡುತ್ತಾರೆ. ನನಗಾದರೋ ರಾತ್ರಿಯ ಆ ತಡೆಯೇ ಹೆಚ್ಚಿನದಾಗಿ ತೋರುತ್ತದೆ. ಕೇಳಿದ ಮೇಲೆ ಬರೆಯದಿರುವುದು ಸಂಯಮ. ಕೇಳಿಸಿಕೊಳ್ಳುವುದಕ್ಕೇ ಒಪ್ಪದಿರುವುದು ಎದುರಿನವನ ಮಾನವನ್ನು ಕಾಯುವ ಕೆಲಸ. ಸಂದರ್ಶನದ ಉದ್ದೇಶವೇ ಉತ್ತರವನ್ನು ಹೊರಡಿಸುವುದು. ಉತ್ತರ ತಾನಾಗಿಯೇ ಬರುತ್ತಿರುವಾಗ ಸಾಕೆನ್ನಲು ಬಹಳ ಗಟ್ಟಿ ಮನಸ್ಸು ಬೇಕು.

ಹಾಗಾದರೆ ಬರೆದು ಪ್ರಕಟಿಸಿದ ವಿಲಿಯಂ ತಪ್ಪುಗಾರನೇ? ಹಾಗೆನ್ನಲಾಗದು. ಅವನು ಪತ್ರಿಕೆಯವನೆಂದು ತಂಡಕ್ಕೆ ತಿಳಿದಿತ್ತು. ವಿಮಾನ ಇಳಿದ ಮೇಲೆ ಗಿಟಾರ್ ವಾದಕ ರಸೆಲ್ ನಿನಗೆ ತೋಚಿದ್ದನ್ನು ಬರೆ ಎಂದು ಸ್ವಸ್ಥಚಿತ್ತದಿಂದಲೇ ಹೇಳಿದ್ದಾನೆ. ಅನಂತರ ತಂಡದವರು ಬರಹವನ್ನು ಸುಳ್ಳೆಂದು ಅಲ್ಲಗಳೆಯುವಾಗ ವಚನಭಂಗ ಅವರದು. ಆದರೆ ಒಂದು ಆಕ್ಷೇಪ ಉಳಿಯುತ್ತದೆ. ರಸೆಲ್ ಕೊಟ್ಟ ಅನುಮತಿ ಅವನ ಮಾತಿಗೆ ಮಾತ್ರ ಸಲ್ಲುವುದು. ಅದೇ ವಿಮಾನದಲ್ಲಿ ತನ್ನ ಅಂತರಂಗವನ್ನು ಬಿಚ್ಚಿದ ಡ್ರಮ್ ವಾದಕನ ಪರವಾಗಿ ಅನುಮತಿ ಕೊಟ್ಟವರಾರು? ಹುಡುಗನ ಲೇಖನವೋ ಆ ವಿಮಾನದಿಂದಲೇ ಪ್ರಾರಂಭವಾಗುತ್ತದೆ. ಈ ಪ್ರಶ್ನೆಯನ್ನು ಚಿತ್ರ ಎತ್ತುವುದೇ ಇಲ್ಲ. ರಸೆಲ್ ಕಡೆಗೆ ಸತ್ಯವನ್ನು ಒಪ್ಪಿಕೊಂಡು ಹುಡುಗನ ಮನೆಗೆ ಬರುವ ಸಂತೋಷದಲ್ಲಿ ಅದನ್ನು ಮರೆಸಿಬಿಡುತ್ತದೆ. 2001ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದ ಚಿತ್ರಕಥೆಯಲ್ಲಿ ಇದು ಸಣ್ಣ ಲೋಪವೇನಲ್ಲ. ರಾಯ್ ಅವರ ಚಿತ್ರ ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು.

ಆದರೂ ಅದಿತಿಯ ನಡತೆಯನ್ನು ನಿಯಮವನ್ನಾಗಿ ಮಾಡುವಂತಿಲ್ಲ. ಅರಿಂದಮನ ಗುಟ್ಟು ಅವನ ಸ್ವಂತ ನೋವು. ಅದು ಮುಚ್ಚಿಹೋದರೆ ಲೋಕಕ್ಕೆ ನಷ್ಟವಿಲ್ಲ. ಅಧಿಕಾರದಲ್ಲಿರುವವನು ಜನರಿಗೆ ಬಗೆದ ಅನ್ಯಾಯ ಬಾಯಿತಪ್ಪಿ ಹೊರಬಿದ್ದರೆ, ಟಿಪ್ಪಣಿಯನ್ನು ಹರಿಯುವವನು ಪತ್ರಕರ್ತನೇ ಅಲ್ಲ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನ ಮಾತನ್ನು ಇಲ್ಲಿಗೂ ವಿಸ್ತರಿಸಬಹುದು: ಯಾರು, ಯಾವ ಸ್ಥಿತಿಯಲ್ಲಿ, ಯಾರನ್ನು ನಂಬಿ ಹೇಳಿದರೆಂಬುದನ್ನು ತೂಗಿ ನೋಡದೆ ಆಡಿದ ಮಾತಿಗೆ ಬೆಲೆ ಕಟ್ಟಲಾಗದು.

ಅದಿತಿ ಮರೆಯಲ್ಲಿ ಹಿಡಿದಿದ್ದ ಪುಸ್ತಕದ ಸ್ಥಾನದಲ್ಲಿ ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿದಿಡುವ ಮೊಬೈಲ್ ಇದೆ. ಅದನ್ನು ಹರಿದುಹಾಕಲು ಬರುವುದಿಲ್ಲ. ಆದಕಾರಣ ಸಂದರ್ಶನಕ್ಕೆ ಹೊರಟ ತರುಣರು ಅಳುಕಿದರೆ ನಾಚಬೇಕಾದುದಿಲ್ಲ. ಎದುರಿನವನು ನಂಬಿ ಮಾತಾಡತೊಡಗಿದಾಗಲೂ ಆ ಅಳುಕಿನ ಒಂದಂಶ ತಮ್ಮಲ್ಲಿ ಉಳಿದಿರುವಂತೆ ಅವರು ನೋಡಿಕೊಳ್ಳಲಿ.